ಖಾಲಿ ನೀರಿಗೆ ಊಟ

ಜನವರಿ ೧೨

ಅಕ್ಕನವರಿಗೆ ನಮಸ್ಕಾರ.

ಫೋನಿನಲ್ಲಾದರೆ ಎರಡು ನಿಮಿಷದ ಮಾತು. ಆದರೆ ನಮ್ಮಿಬ್ಬರ ಫೋನಿಗೆ ಅತ್ತೆಯವರು ಬೀಗ ಹಾಕಿ ವರ್ಷವಾಯಿತಲ್ಲ. "ವಾರಗಿತ್ತಿಯರು ಫೋನಲ್ಲಿ ಕಿತ್ತಾಡಿದ್ದು ಸಾಕು. ಇನ್ಮೇಲೆ ಏನಿದ್ರೂ ಬರೆದು ಕಳಿಸಿ. ಬರೆಯೋವಾಗ ಅರ್ಧ ಕೋಪ ಶಾಯೀಲೇ ಇಳಿದುಹೋಗುತ್ತೆ" ಎಂದವರು ಅವರೇ. ಇಡೀ ಆಯುಷ್ಯ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವರ ಮಾತನ್ನು ಮೀರುವುದು ಹೇಗೆ? ಅದಕ್ಕೇ ಬರೆಯುತ್ತಿದ್ದೇನೆ.

ಅತ್ತೆಯವರು ಚೆನ್ನಾಗಿದ್ದಾರೆ. ತಪಾಸಣೆ ನಡೆಯುತ್ತಿದೆ. ನಾನು ಕೆಲಸ ಮಾಡುವ ಆಸ್ಪತ್ರೆಯೇ ಆದ್ದರಿಂದ ಸಾಲಿನಲ್ಲಿ ಕಾಯುವ ಕಷ್ಟವಿಲ್ಲ. ಡಾಕ್ಟರು ಇನ್ನೂ ಕೆಲವು ಪರೀಕ್ಷೆ ಮಾಡಿಸಬೇಕು ಎಂದಿದ್ದಾರೆ. ಹೀಗಾಗಿ ಈ ತಿಂಗಳ ಕೊನೆಗೆ ಅವರು ಅಲ್ಲಿಗೆ ಮರಳುವುದು ಆಗಲಿಕ್ಕಿಲ್ಲ.

ಬರೆಯಲು ಕಾರಣ ಬೇರೆ ಇದೆ. ನಾನೊಂದು ಫಿಶ್ ಟ್ಯಾಂಕ್ ತಂದಿದ್ದೇನೆ, ಮೂರಡಿ ಉದ್ದದ್ದು. ಅತ್ತೆಯವರಿಗೆ ಇನ್ನೂ ಗೊತ್ತಿಲ್ಲ. ಹಿಂದಿನ ಕೋಣೆಯಲ್ಲಿ ಇಟ್ಟು ಗಾಜನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿದ್ದೇನೆ. ಆಪರೇಷನ್ ಕತ್ತರಿಗಳನ್ನು ಹಬೆಯಲ್ಲಿ ಬೇಯಿಸಿ ಶುದ್ಧ ಮಾಡುವುದೇ ಉದ್ಯೋಗವಾದವಳಿಗೆ ಗಾಜಿನ ಪೆಟ್ಟಿಗೆ ತೊಳೆಯುವುದು ಹೇಳಿಕೊಡಬೇಕಿಲ್ಲ. ನೀರು ತುಂಬಿದ ಮೇಲೆ ಏನು ಮಾಡಬೇಕು ಎಂಬುದು ಮಾತ್ರ ಗೊತ್ತಿಲ್ಲ. ನಿಮ್ಮಲ್ಲಿರುವ ಅತ್ತೆಯವರ ಟ್ಯಾಂಕನ್ನು ಈಗ ನೀವೇ ನೋಡಿಕೊಳ್ಳುತ್ತಿದ್ದೀರಿ. ದಯವಿಟ್ಟು ಬರೆದು ತಿಳಿಸಿ.

ಎಲ್ಲ ಸಿದ್ಧವಾದ ಮೇಲೆ ಅವರ ಮುದಿ ಗೋಲ್ಡ್‌ಫಿಶ್ ಪೋಸ್ಟ್‌ಮಾಸ್ಟರನ್ನು ಭಾವನವರ ಲಾರಿಯಲ್ಲಿ ಕಳಿಸಿಕೊಟ್ಟರೆ ಉಪಕಾರವಾಗುತ್ತದೆ.

ನಿಮ್ಮ ಮೈದುನನೂ ನಮಸ್ಕಾರ ಹೇಳಿದ್ದಾರೆ.

ಇತಿ, ತಂಗಿ


ಜನವರಿ ೨೧

ಬಲು ಶುಚಿಯಾದ ತಂಗಿಗೆ,

ನಿನ್ನ ಕಾಗದ ಬಂತು. ಒಂದು ಚಿತ್ತುಕಾಟಿಲ್ಲ, ಒಂದು ಕಲೆಯಿಲ್ಲ. ಅದನ್ನೂ ಹಬೆಯಲ್ಲಿ ಬೇಯಿಸಿಯೇ ಅಂಚೆಗೆ ಹಾಕಿದೆಯೋ ಏನೋ.

ಪೋಸ್ಟ್‌ಮಾಸ್ಟರ್ ಎಲ್ಲಿಗೂ ಬರುವುದಿಲ್ಲ. ಆ ಹೆಸರು ಯಾಕೆ ಬಂತು ಗೊತ್ತೇ ನಿನಗೆ? ಅತ್ತೆಯ ಹಳೆಯ ಮೇಲಧಿಕಾರಿಯ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು, ಬಾಯಿ ತೆರೆದು ಮುಚ್ಚಿ, ಏನೂ ಹೇಳದೆ ತಿರುಗುತ್ತಾನಲ್ಲ, ಅದಕ್ಕೆ. ಅತ್ತೆ ಅಡ್ಡಹೆಸರು ಇಡುವುದು ತಮ್ಮವರು ಅನ್ನಿಸಿದವರಿಗೆ ಮಾತ್ರ. ನನಗೆ ಗುಂಡುಸೂಜಿ ಎಂದು ಇಟ್ಟರು, ಮೀನಿಗೆ ಪೋಸ್ಟ್‌ಮಾಸ್ಟರ್ ಎಂದು ಇಟ್ಟರು. ನಿನಗೆ ಏನಿಟ್ಟಿದ್ದಾರೆ, ನೆನಪಿಗೆ ಬರುತ್ತಿಲ್ಲ.

ಅವನು ಇಲ್ಲಿರುವ ತನಕ ಅವರು ಇಲ್ಲಿಗೆ ಬಂದೇ ಬರುತ್ತಾರೆ ಎಂಬ ಧೈರ್ಯ ನನ್ನದು. ನಾನು ನಿನ್ನ ಹಾಗೆ ಮುಚ್ಚಿಟ್ಟು ಬರೆಯುವವಳಲ್ಲ. ತಪಾಸಣೆಗೆಂದು ಕೆಲವು ದಿನಕ್ಕೆ ಬಂದವರಿಗೆ ಯಾರಾದರೂ ಮೂರಡಿ ಟ್ಯಾಂಕು ಕೊಳ್ಳುತ್ತಾರೆಯೇ? ನೆಂಟರಿಗೆ ಹಾಸಿಗೆ ಹಾಸುತ್ತಾರೆ, ಮನೆ ಕಟ್ಟಿಸುವುದಿಲ್ಲ. ನಿನ್ನ ಉದ್ದೇಶ ನನಗೆ ಅರ್ಥವಾಗದೇನೂ ಇಲ್ಲ.

ಆದರೂ ಕೇಳಿದ್ದೀಯ, ಹೇಳುತ್ತೇನೆ. ನಲ್ಲಿ ನೀರು ತುಂಬಿಸಿ ಒಂದೆರಡು ದಿನ ತೆರೆದಿಡು, ಕ್ಲೋರಿನ್ ಹೋಗಲಿ. ಫಿಲ್ಟರ್ ಓಡುತ್ತಲೇ ಇರಲಿ. ಮೀನು ಮಾತ್ರ ಹಾಕಬೇಡ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕಾಯುತ್ತಿರು. ಒಂದು ತಿಂಗಳು, ಇಲ್ಲವೇ ಇನ್ನೂ ಹೆಚ್ಚು. ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾಗುತ್ತದೆ, ಆಗಲಿ. ಚೆಲ್ಲಲು ಹೋಗಬೇಡ. ಖಾಲಿ ನೀರಿಗೆ ಊಟ ಹಾಕುತ್ತಿರು, ಅಷ್ಟೇ.

ಯಾಕೆ ಎಂದು ಹೇಳುವುದಿಲ್ಲ. ಬೇಕಾದರೆ ನಿನ್ನ ಪಕ್ಕದಲ್ಲೇ ಕುಳಿತಿರುವವರನ್ನು ಕೇಳು. ಈಗ ಅವರು ನಿನ್ನವರಲ್ಲವೇ!

ಇತಿ, ಅಕ್ಕ


ಫೆಬ್ರವರಿ ೧

ಅಕ್ಕನವರಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಖಾಲಿ ನೀರಿಗೆ ಊಟ ಹಾಕಬೇಕೇ? ನನ್ನ ಕಿವಿಗೆ ಹೂ ಇಡುವುದಕ್ಕೂ ಒಂದು ಮಿತಿ ಬೇಡವೇ? ಹಾಕಿದ ಆಹಾರ ಕೊಳೆಯುತ್ತದೆ. ಕೊಳೆತಲ್ಲಿ ರೋಗ ಹುಟ್ಟುತ್ತದೆ. ಅದು ಹುಟ್ಟದ ಹಾಗೆ ನೋಡಿಕೊಳ್ಳುವುದಕ್ಕೇ ಆಸ್ಪತ್ರೆಯವರು ನನಗೆ ಸಂಬಳ ಕೊಡುತ್ತಾರೆ.

ಮೀನಿನ ಅಂಗಡಿಯವನನ್ನು ಕೇಳಿದೆ. "ಈ ಔಷಧಿ ನಾಲ್ಕು ಹನಿ ಹಾಕಿ ಮೇಡಂ, ನಾಳೆಯೇ ಮೀನು ಬಿಡಿ" ಎಂದ. ನೀವು ಒಂದು ತಿಂಗಳು ಎನ್ನುತ್ತೀರಿ. ಆ ತಿಂಗಳ ಲೆಕ್ಕ ನನಗೆ ತಿಳಿಯದೇ? ಅಷ್ಟರಲ್ಲಿ ಅತ್ತೆಯವರು ನಿಮ್ಮಲ್ಲಿಗೆ ಬಂದುಬಿಡುತ್ತಾರೆ, ನಾನು ಖಾಲಿ ಗಾಜು ನೋಡಿಕೊಂಡು ಕುಳಿತಿರುತ್ತೇನೆ. ಇದೇ ತಾನೇ?

ನನಗೆ ಅಷ್ಟು ಸಮಯವಿಲ್ಲ. ಅವರು ಮನೆಗೆ ಬರುವಷ್ಟರಲ್ಲಿ ಟ್ಯಾಂಕಿನಲ್ಲಿ ಮೀನು ಓಡಾಡುತ್ತಿರಬೇಕು.

ಅಡ್ಡಹೆಸರಿನ ಮಾತು ಬರೆದಿದ್ದೀರಿ. ಹೌದು, ನನಗೆ ಇಟ್ಟಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನನ್ನು "ಬಾಮ್ಮ, ಹೋಗಮ್ಮ" ಎಂದೇ ಕರೆಯುತ್ತಾರೆ, ಬ್ಯಾಂಕಿನಲ್ಲಿ ಕರೆಯುವ ಹಾಗೆ. ಅದನ್ನು ನೀವು ಎತ್ತಿ ಆಡಬೇಕಿರಲಿಲ್ಲ.

ಇತಿ, ತಂಗಿ


ಫೆಬ್ರವರಿ ೯

ತಂಗಿಗೆ,

"ಅವರು ಮನೆಗೆ ಬರುವಷ್ಟರಲ್ಲಿ" ಎಂದರೆ ಏನು? ಎಲ್ಲಿಂದ ಬರುವಷ್ಟರಲ್ಲಿ? ಮನೆಯಲ್ಲೇ ಇರುವವರು ಮನೆಗೆ ಬರುವುದು ಹೇಗೆ? ಮೂರಡಿ ಟ್ಯಾಂಕನ್ನು ಅವರ ಕಣ್ಣಿಗೆ ಬೀಳದ ಹಾಗೆ ಇಡಲು ನಿನ್ನ ಮನೆಯೇನು ಅರಮನೆಯೇ? ಅತ್ತೆಯನ್ನು ಎಲ್ಲಿ ಬಿಟ್ಟಿದ್ದೀಯ? ಮುಂದಿನ ಕಾಗದದಲ್ಲಿ ಇದಕ್ಕೆ ಉತ್ತರ ಬರಬೇಕು.

ಕಳೆದ ಭಾನುವಾರ ಅವರು ಫೋನಿನಲ್ಲಿ ಮಾತಾಡಿದ್ದು ಐದು ನಿಮಿಷವೂ ಇಲ್ಲ. ಅಷ್ಟರಲ್ಲೇ "ಇಲ್ಲಿ ಹಾಸಿಗೆ ಮೆತ್ತಗಿದೆ ಮಗಾ" ಎಂದರು. ನಮ್ಮ ಮನೆಯಲ್ಲಿದ್ದಷ್ಟು ವರ್ಷ ಹಾಸಿಗೆ ಗಟ್ಟಿ ಎಂದು ಒಂದು ದಿನ ಬಾಯಿ ಬಿಟ್ಟಿರಲಿಲ್ಲ. ನನಗೆ ಎದೆಗೆ ಸೂಜಿ ಚುಚ್ಚಿದ ಹಾಗಾಯಿತು. ಮರುದಿನವೇ ಅವರ ಹಾಸಿಗೆ ಬಿಚ್ಚಿ, ಹೊಸ ಹತ್ತಿ ತುಂಬಿಸಿ, ನನ್ನ ಹೊಲಿಗೆ ಅಂಗಡಿಯ ಅತ್ಯುತ್ತಮ ಬಟ್ಟೆಯಲ್ಲಿ ನಾನೇ ಹೊಲಿದೆ. ಗಿರಾಕಿಯ ಕೋಟು ಎರಡು ದಿನ ತಡವಾಯಿತು. ಆಗಲಿ. ಹೋದ ಭಾನುವಾರದ ಆ ಒಂದು ಮಾತು ಈ ವಾರವಿಡೀ ನನ್ನ ಊಟ ತಿಂದಿದೆ.

ನನ್ನ ಲೆಕ್ಕ ಏನೇ ಇರಲಿ, ಮೂಕ ಪ್ರಾಣಿ ಸಾಯುವುದು ನನಗೆ ಬೇಡ. ನಿನಗೆ ಅವಸರವಿದ್ದರೆ ಒಂದು ದಾರಿ ಇದೆ. ಪೋಸ್ಟ್‌ಮಾಸ್ಟರನ ಟ್ಯಾಂಕಿನ ಫಿಲ್ಟರಿನಿಂದ ಒಂದು ಸ್ಪಂಜು ತೆಗೆದು, ಅದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿ, ಡಬ್ಬಿಯಲ್ಲಿ ನಿನ್ನ ಭಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅದನ್ನು ಹಿಂಡಬೇಡ, ತೊಳೆಯಬೇಡ. ಇದ್ದ ಹಾಗೇ ನಿನ್ನ ಫಿಲ್ಟರಿಗೆ ಸೇರಿಸು. ಆಮೇಲೆ ಎರಡೋ ಮೂರೋ ಚಿಕ್ಕ ಮೀನು ಬಿಡಬಹುದು.

ಮತ್ತೆ ಹೇಳುತ್ತೇನೆ, ತೊಳೆಯಬೇಡ.

ಇತಿ, ಅಕ್ಕ


ಫೆಬ್ರವರಿ ೨೩

ಅಕ್ಕನವರಿಗೆ,

ನಿಮ್ಮ ಪ್ರಶ್ನೆಗೆ ಉತ್ತರ: ಅತ್ತೆಯವರನ್ನು ತಪಾಸಣೆಗಾಗಿ ಕೆಲವು ದಿನ ವಾರ್ಡಿನಲ್ಲಿ ಇರಿಸಿಕೊಂಡಿದ್ದರು. ವಯಸ್ಸಾದವರಿಗೆ ಇದು ಮಾಮೂಲು. ಈಗ ಮನೆಯಲ್ಲಿದ್ದಾರೆ.

ಇನ್ನು ನಿಮ್ಮ ಉಡುಗೊರೆಯ ವಿಷಯ. ಭಾವನವರು ಡಬ್ಬಿ ಕೊಟ್ಟಾಗ ನಾನು ಸಂತೋಷದಿಂದಲೇ ತೆರೆದೆ. ಕಂದು ಬಣ್ಣದ ಲೋಳೆ, ಕೆರೆಯ ತಳದ ವಾಸನೆ. ಎಷ್ಟು ವರ್ಷದ ಕೊಳೆಯೋ ಏನೋ! ನಮ್ಮ ಮನೆಯ ಹೊಸ ಗಾಜಿನೊಳಗೆ ನಿಮ್ಮ ಮನೆಯ ಹೊಲಸು ಹೋಗಲಿ, ಅದನ್ನು ತೊಳೆಯಲೂ ಬಾರದು! ಇಂಥ ಮಾತು ಬರೆಯಲು ನಿಮಗೆ ಕೈ ಹೇಗೆ ಬಂತು? ಆದರೂ ನೀವು ಕಳಿಸಿದ್ದನ್ನು ಬಿಸಾಡಲಿಲ್ಲ. ಸೋಪಿನಲ್ಲಿ ಉಜ್ಜಿ, ಕುಕ್ಕರಿನಲ್ಲಿಟ್ಟು ಮೂರು ವಿಷಲ್ ಕೂಗಿಸಿ, ಹೊಸದರ ಹಾಗೆ ಮಾಡಿಯೇ ಫಿಲ್ಟರಿಗೆ ಸೇರಿಸಿದೆ. ನಿಮ್ಮ ಮೇಲೆ ನನಗಿರುವ ಗೌರವ ಅಷ್ಟು.

ಹತ್ತು ಗಪ್ಪಿ ಮೀನು ತಂದು ಬಿಟ್ಟೆ, ಒಂದಕ್ಕಿಂತ ಒಂದು ಚೆಂದದವು. ಮೊದಲೆರಡು ದಿನ ಚೆನ್ನಾಗಿದ್ದವು. ಆಮೇಲೆ ಎಲ್ಲವೂ ಮೇಲೆ ಬಂದು ಬಾಯಿ ಬಿಡತೊಡಗಿದವು. ಅತ್ತೆಯವರು ಮನೆಗೆ ಬಂದ ದಿನ ಅವರ ಕೈ ಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ದೀಪ ಹಾಕಿದರೆ ಹತ್ತೂ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಅವರ ಮುಂದೆ ನನ್ನ ಮುಖ ಎಲ್ಲಿಡಲಿ ಎಂದು ತಿಳಿಯಲಿಲ್ಲ.

ನಿಮ್ಮ ಸ್ಪಂಜಿನಲ್ಲಿ ಏನಿತ್ತು ಅಕ್ಕ? ಕುಕ್ಕರಿನಲ್ಲಿ ಬೇಯಿಸಿದರೂ ಸಾಯದಂಥದ್ದು ಏನನ್ನು ಕಳಿಸಿದ್ದಿರಿ?

ಇತಿ, ತಂಗಿ


ಮಾರ್ಚ್ ೩

ಅಯ್ಯೋ ನನ್ನ ಶುದ್ಧದ ತಾಯಿ,

ಕುಕ್ಕರಿನಲ್ಲಿ ಮೂರು ವಿಷಲ್ ಕೂಗಿಸಿದೆಯಾ! ನಾನು ಮಷೀನಿನ ಮೇಲೆ ತಲೆಯಿಟ್ಟು ನಕ್ಕದ್ದು ನೋಡಿ ಅಂಗಡಿಯಲ್ಲಿ ಹೊಲಿಗೆ ಕಲಿಯುವ ಹುಡುಗಿಯರು ಹೆದರಿಬಿಟ್ಟರು.

ಕೇಳು, ಈಗಲಾದರೂ ಕಾರಣ ಹೇಳುತ್ತೇನೆ. ಮೊದಲೇ ಹೇಳಬೇಕಿತ್ತು. ಮೀನು ಉಚ್ಚೆ ಮಾಡುತ್ತದೆ, ಹೇಲುತ್ತದೆ, ತಿಂದು ಉಳಿದದ್ದು ಕೊಳೆಯುತ್ತದೆ. ಅದರಿಂದ ನೀರಿನಲ್ಲಿ ಅಮೋನಿಯ ಎಂಬ ವಿಷ ಹುಟ್ಟುತ್ತದೆ. ಅದನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ಜೀವಿಗಳಿವೆ. ಅವು ಅದನ್ನು ಇನ್ನೊಂದು ವಿಷ ಮಾಡುತ್ತವೆ. ಆ ಎರಡನೆಯದನ್ನು ತಿನ್ನಲು ಬೇರೆ ಜೀವಿಗಳಿವೆ. ಕೊನೆಗೆ ಉಳಿಯುವುದು ಸಾಧು. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಅದೂ ಹೋಗುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಜೀವಿಗಳು ಇರುವುದಿಲ್ಲ. ಅವು ಹುಟ್ಟಿ ಬೆಳೆಯಲಿ ಎಂದೇ ಖಾಲಿ ನೀರಿಗೆ ಊಟ ಹಾಕುವುದು. ಹಳೆಯ ಟ್ಯಾಂಕಿನ ಸ್ಪಂಜಿನಲ್ಲಿ ಅವು ಲಕ್ಷಗಟ್ಟಲೆ ಸಂಸಾರ ಮಾಡಿಕೊಂಡಿರುತ್ತವೆ. ನೀನು ಹೊಲಸು ಎಂದೆಯಲ್ಲ, ನಾನು ಕಳಿಸಿದ ಔಷಧಿಯೇ ಅದು. ಅದನ್ನೇ ಬೇಯಿಸಿದೆ. ಹತ್ತು ಮೀನಿನ ವಿಷ ತಿನ್ನಲು ನಿನ್ನ ಟ್ಯಾಂಕಿನಲ್ಲಿ ಒಂದು ಜೀವಿಯೂ ಇರಲಿಲ್ಲ, ತಮ್ಮ ಕೊಳೆಯಲ್ಲಿ ತಾವೇ ಸತ್ತವು.

ಇನ್ನೊಂದು ಮಾತು. ನಿನ್ನ ಮೀನು ಸತ್ತವು ಎಂದು ಓದಿದಾಗ ನನಗೆ ಮೊದಲು ಸಂತೋಷವಾಯಿತು. ಅತ್ತೆಯ ಎದುರು ನಿನ್ನ ಮುಖ ಸಪ್ಪಗಾದದ್ದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಆಮೇಲೆ ಪೋಸ್ಟ್‌ಮಾಸ್ಟರನಿಗೆ ಆಹಾರ ಹಾಕಲು ಹೋದಾಗ ಅವನ ಮುಖ ನೋಡಲು ನನಗೇ ಆಗಲಿಲ್ಲ. ಹೊಟ್ಟೆಕಿಚ್ಚು ಮನುಷ್ಯರನ್ನು ಎಲ್ಲಿಗೆ ಇಳಿಸುತ್ತದೆ ನೋಡು.

ಹಾಗೆಂದು ಇನ್ನೊಂದು ಸ್ಪಂಜು ಕಳಿಸುತ್ತೇನೆ ಎಂದುಕೊಳ್ಳಬೇಡ. ತಪಾಸಣೆ ಮುಗಿಯಿತು ತಾನೇ? ಅತ್ತೆಯನ್ನು ಕಳಿಸು. ಮೆತ್ತನೆಯ ಹಾಸಿಗೆ ಇಲ್ಲೂ ಇದೆ. ಯಾವತ್ತು ಬರುತ್ತಾರೆ ಎಂದು ತಾರೀಕು ಬರೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ.

ಇತಿ, ಅಕ್ಕ


ಮಾರ್ಚ್ ೧೫

ಅಕ್ಕನವರಿಗೆ,

ನಿಮ್ಮ ಕಾಗದವನ್ನು ಅತ್ತೆಯವರಿಗೆ ಓದಿ ಹೇಳಿದೆ, ಕೊನೆಯ ಭಾಗ ಬಿಟ್ಟು. ಕುಕ್ಕರಿನ ಕಥೆ ಕೇಳಿ ಅವರು ನಕ್ಕರು, ನಕ್ಕು ನಕ್ಕು ಕೆಮ್ಮಿದರು. ಈ ಮನೆಗೆ ಬಂದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು. ಆಮೇಲೆ ನನ್ನನ್ನು ಕರೆದರು. "ಲೇ ಕುಕ್ಕರ್, ಬಾ ಇಲ್ಲಿ. ಗುಂಡುಸೂಜಿ ಹೇಳಿದ್ದೆಲ್ಲ ಸರಿ. ನಾಳೆಯಿಂದ ಖಾಲಿ ನೀರಿಗೆ ಊಟ ಹಾಕು" ಎಂದರು.

ಓದಿದಿರಾ ಅಕ್ಕ? ಕುಕ್ಕರ್ ಎಂದು ಕರೆದರು. ಈಗ ದಿನವೂ ಹಾಗೇ ಕರೆಯುತ್ತಾರೆ. ಪಕ್ಕದ ಮನೆಯವರೆದುರಿಗೂ ಕರೆದರು. ನಿಮ್ಮ ಮೈದುನ "ಇದೇನಮ್ಮ ಹೆಸರು" ಎಂದರೆ "ನಿಂಗ್ಯಾಕೋ, ನಾನೂ ಅವಳೂ ನೋಡ್ಕೋತೀವಿ" ಎಂದರು.

ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಹಾಕುತ್ತಿದ್ದೇನೆ. ನೀರು ಪರೀಕ್ಷಿಸುವ ಸಣ್ಣ ಸೀಸೆಗಳು ಅಂಗಡಿಯಲ್ಲೇ ಸಿಕ್ಕವು, ಹನಿ ಹಾಕಿದರೆ ಬಣ್ಣ ಬದಲಾಗುತ್ತದೆ. ಮೊದಲು ಅಮೋನಿಯದ ಸೀಸೆ ಹಸಿರಾಯಿತು. ದಿನದಿನಕ್ಕೂ ಗಾಢವಾಯಿತು. ಈಗ ತಿಳಿಯಾಗುತ್ತಾ ಹಳದಿಗೆ ಇಳಿಯುತ್ತಿದೆ, ಅತ್ತ ಎರಡನೆಯ ವಿಷದ ಸೀಸೆ ನೇರಳೆಗೆ ತಿರುಗಿದೆ. ಅಂದರೆ ಮೊದಲ ಪಂಗಡ ಹುಟ್ಟಿದೆ. ಯಾರೂ ಇಲ್ಲದ ನೀರಿನಲ್ಲಿ ಯಾರೋ ಇದ್ದಾರೆ ಎಂದು ಬೆಳಿಗ್ಗೆ ಎದ್ದ ಕೂಡಲೇ ಹೋಗಿ ನೋಡುತ್ತೇನೆ. ಜೀವಿಗಳನ್ನು ಕೊಲ್ಲುವ ಕೆಲಸವನ್ನಷ್ಟೇ ಮಾಡಿದವಳಿಗೆ ಸಾಕುವುದು ಹೊಸತು. ಅತ್ತೆಯವರು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಸಂಜೆ ನಾವಿಬ್ಬರೂ ಬಣ್ಣ ನೋಡುತ್ತೇವೆ.

ತಾರೀಕು ಕೇಳಿದ್ದೀರಿ. ಸದ್ಯಕ್ಕೆ ಹೇಳಲಾಗದು.

ಇತಿ, ತಂಗಿ (ಕುಕ್ಕರ್)


ಮಾರ್ಚ್ ೨೪

ಶ್ರೀಮತಿಯವರಿಗೆ,

ತಾವು ಕಳಿಸಿದ ಕಾಗದ ತಲುಪಿತು. ತಮಗೆ ಹೊಸ ಹೆಸರು ಬಂದದ್ದಕ್ಕೆ ಅಭಿನಂದನೆ. ಅಂಗಡಿಯ ಕತ್ತರಿ ನನ್ನ ಕೈಯಿಂದ ಜಾರಿ ಗಿರಾಕಿಯ ತೋಳಿನ ಬಟ್ಟೆ ಸೀಳಿತು. ತಮಗೆ ತೃಪ್ತಿಯಾಗಲಿ ಎಂದು ತಿಳಿಸುತ್ತಿದ್ದೇನೆ.

ಗುಂಡಿ ಹೊಲಿಯಲೂ ಬಾರದೆ ಈ ಮನೆಗೆ ಬಂದವಳು ನಾನು. ಸಂಬಳದ ದುಡ್ಡಿನಲ್ಲಿ ನನಗೆ ಮೊದಲ ಮಷೀನು ಕೊಡಿಸಿದವರು ಅತ್ತೆ. ಸಂಜೆ ಅಂಚೆ ಕಚೇರಿಯಿಂದ ನೇರ ಅಂಗಡಿಗೆ ಬಂದು ಕಾಜಾ ಹೊಲಿದು ಕೊಟ್ಟು, ಆಮೇಲೆ ನನ್ನ ಜೊತೆಯೇ ಮನೆಗೆ ಬರುತ್ತಿದ್ದರು. ನನ್ನನ್ನು ಹೆತ್ತವಳು ಬೇಗ ಹೋದಳು. ಇವರು ನನ್ನನ್ನು ಸೊಸೆಯಾಗಿ ಯಾವತ್ತೂ ನೋಡಿಲ್ಲ. ಹಾಗಿರುವಾಗ ಅವರ ಪಕ್ಕ ಕೂತು ಬಣ್ಣ ನೋಡುವ ಭಾಗ್ಯ ತಮ್ಮದು, ಅವರ ಮೀನಿನ ಕೊಳೆ ಬಳಿಯುವ ಭಾಗ್ಯ ನನ್ನದು.

ಪ್ರತಿ ಭಾನುವಾರ "ಬನ್ನಿ ಅತ್ತೆ" ಎಂದು ಕರೆಯುತ್ತಿದ್ದೇನೆ. ಪ್ರತಿ ಭಾನುವಾರ "ಬರ್ತೀನಿ ಮಗಾ, ಬರ್ತೀನಿ" ಎನ್ನುತ್ತಾರೆ. ಬರಲು ಮನಸ್ಸಿದೆ, ಬಿಡುವವರಿಲ್ಲ. ಏಪ್ರಿಲ್ ಐದಕ್ಕೆ ರೈಲಿನ ಟಿಕೆಟ್ ಮಾಡಿಸಿದ್ದೇನೆ. ಹೋಗಲು ಒಂದು, ಬರಲು ಎರಡು. ನಾನೇ ಬಂದು ಕರೆದುಕೊಂಡು ಬರುತ್ತೇನೆ. ತಡೆಯುವ ಧೈರ್ಯವಿದ್ದರೆ ಬಾಗಿ​ಲಿಗೆ ಅಡ್ಡ ನಿಲ್ಲಿ.

ಇತಿ,
ದೊಡ್ಡ ಸೊಸೆ


ಏಪ್ರಿಲ್ ೨

ಅಕ್ಕಾ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ನೀವು ರೈಲು ಹತ್ತುವ ಮೊದಲು ತಲುಪಬೇಕು, ಅದಕ್ಕೆ ಭಾವನ ಕೈಯಲ್ಲೇ ಕೊಟ್ಟಿದ್ದೇನೆ. ಓದಿ ಮುಗಿಸುವ ತನಕ ಅವರನ್ನು ಬೈಯಬೇಡಿ.

ಅತ್ತೆಯ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ಜನವರಿಯಲ್ಲೇ ಗೊತ್ತಾಯಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗುತ್ತಿದೆ. ವಾರ್ಡಿನಲ್ಲಿದ್ದದ್ದು ಅದಕ್ಕೇ, ತಪಾಸಣೆಗಲ್ಲ. ನಿಮ್ಮ ಊರಿನಲ್ಲಿ ಆ ಯಂತ್ರವಿಲ್ಲ. ಇರುವ ಊರಿಗೆ ಅರ್ಧ ದಿನದ ದಾರಿ.

ನಿಮಗೆ ಹೇಳಬಾರದೆಂದು ನನ್ನ, ನಿಮ್ಮ ಮೈದುನನ, ಭಾವನ, ಮೂವರ ಕೈಯಲ್ಲೂ ಆಣೆ ಹಾಕಿಸಿಕೊಂಡರು. "ಗುಂಡುಸೂಜಿಗೆ ಗೊತ್ತಾದ್ರೆ ಅಂಗಡಿಗೆ ಬೀಗ ಹಾಕ್ಕೊಂಡು ಬಂದ್ಬಿಡ್ತಾಳೆ. ಆ ಹುಡುಗೀರ ಗತಿ ಏನು? ನಾನು ಹಾಕಿದ ಗಿಡ ನನ್ನ ಕೈಲೇ ಕೀಳಿಸಬೇಡಿ" ಎಂದರು.

ಮೀನು ತಮ್ಮ ಕೊಳೆಯಲ್ಲಿ ತಾವೇ ಸತ್ತವು ಎಂದು ನೀವು ಬರೆದಿದ್ದಿರಲ್ಲ, ಅದನ್ನು ಓದಿ ಕಾಗದ ಮಡಿಸಿಟ್ಟೆ. ಡಾಕ್ಟರು ಅತ್ತೆಯ ಬಗ್ಗೆ ಹೇಳಿದ್ದೂ ಅದೇ ಮಾತು. ಅತ್ತೆಯೇ ನನ್ನ ಬೆನ್ನು ತಟ್ಟಿ "ಮುಂದೆ ಓದೇ" ಎಂದರು.

ಟ್ಯಾಂಕು ತಂದದ್ದು ಅವರನ್ನು ನಿಮ್ಮಿಂದ ಕಿತ್ತುಕೊಳ್ಳಲು ಎಂದುಕೊಂಡಿರಿ. ಸುಳ್ಳೇನಲ್ಲ, ಅರ್ಧ ಅದೂ ಇತ್ತು. ನಾನು ಎಷ್ಟು ಮೆತ್ತನೆಯ ಹಾಸಿಗೆ ಹಾಸಿದರೂ, ಎಷ್ಟು ಅಳೆದು ಅಡುಗೆ ಮಾಡಿದರೂ ಅವರ ಬಾಯಲ್ಲಿ ಬರುವುದು ನಿಮ್ಮ ಹೆಸರು. ಗುಂಡುಸೂಜಿ ಹೀಗೆ ಅಂದಳು, ಗುಂಡುಸೂಜಿ ಹಾಗೆ ಮಾಡ್ತಾಳೆ. ಬೆಳಿಗ್ಗೆಯಿಂದ ಸಂಜೆಯ ತನಕ ಇದೇ ಕೇಳುತ್ತೇನೆ. ಅವರು ಈ ಮನೆಗೆ ಬಂದದ್ದು ನನಗಾಗಿ ಅಲ್ಲ ಅಕ್ಕ, ಯಂತ್ರಕ್ಕಾಗಿ. ನಿಮ್ಮನ್ನು ಕಂಡರೆ ನನಗೆ ಎಷ್ಟು ಹೊಟ್ಟೆ ಉರಿಯುತ್ತದೆ ಎಂದು ನಿಮಗೆ ಗೊತ್ತಿಲ್ಲ. ಒಂದು ಅಡ್ಡಹೆಸರು ಸಿಕ್ಕಿದ್ದಕ್ಕೆ ಮೆರೆದೆ, ಕ್ಷಮಿಸಿ.

ಉಳಿದರ್ಧ ಕೇಳಿ. ಅವರು ಇಲ್ಲಿ ಉಳಿಯಲು ಏನಾದರೂ ಒಂದು ಕಾರಣ ಬೇಕಿತ್ತು. ಈಗ ಅವರು ಯಂತ್ರ ಬಿಡುತ್ತೇನೆ ಎನ್ನುತ್ತಿದ್ದಾರೆ. "ಮೀನಿಗೆ ಟ್ಯಾಂಕ್ ತುಂಬ ನೀರು, ನನಗೆ ದಿನಕ್ಕೆ ಅಳೆದು ಎರಡು ಲೋಟ. ಸಾಕಾಯ್ತು ಕುಕ್ಕರ್. ಅಲ್ಲಿ ಅವಳು ಹಾಸಿಗೆ ಹೊಲಿದಿಟ್ಟು ಕಾಯ್ತಿದ್ದಾಳೆ. ಅಲ್ಲಿ ಎಷ್ಟು ದಿನ ಇರ್ತೀನೋ ಅಷ್ಟೇ ದಿನ" ಎಂದು ಚೀಲ ಕಟ್ಟುತ್ತಿದ್ದಾರೆ. ಯಂತ್ರ ಬಿಟ್ಟರೆ ಎರಡು ಮೂರು ವಾರದ ಮಾತು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಜೊತೆಗೆ, ನಿಯಮವಾಗಿ ಮಾಡಿಸಿಕೊಂಡರೆ ವರ್ಷಗಟ್ಟಲೆ ಇರಬಹುದು ಎಂದೂ ಹೇಳಿದರು.

ನೀವು ಭಾನುವಾರ "ಬನ್ನಿ" ಎಂದಾಗಲೆಲ್ಲ ಸೋಮವಾರ ಆ ಚೀಲಕ್ಕೆ ಇನ್ನೊಂದು ಬಟ್ಟೆ ಸೇರುತ್ತದೆ. ನೀವು ಬಂದು ಬಾಗಿಲಲ್ಲಿ ನಿಂತರೆ ಅವರು ನಿಮ್ಮ ಕೈ ಹಿಡಿದು ಹೊರಟೇಬಿಡುತ್ತಾರೆ. ತಡೆಯಲು ನನ್ನಿಂದ ಆಗುವುದಿಲ್ಲ. ನನ್ನ ಮಾತಿಗೆ ಅಷ್ಟು ಬೆಲೆಯಿಲ್ಲ.

ಟ್ಯಾಂಕಿನ ಎರಡೂ ಸೀಸೆ ಈಗ ಸೊನ್ನೆ ತೋರಿಸುತ್ತಿವೆ. ನೀರು ಸಿದ್ಧವಾಗಿದೆ. ಮುಂದಿನದು ನಿಮಗೆ ಬಿಟ್ಟದ್ದು.

ತಂಗಿ


ಏಪ್ರಿಲ್ ೯

ಕುಕ್ಕರ್,

ನಿನ್ನ ಭಾವನನ್ನು ಬೈದೆ. ಮೂರು ತಿಂಗಳು ನನ್ನೆದುರೇ ಉಂಡು, ನನ್ನೆದುರೇ ಮಲಗಿ, "ಅಮ್ಮ ಆರಾಮಾಗಿದ್ದಾಳೆ" ಎಂದ ಬಾಯಿ ಅದು. ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಆ ಮನುಷ್ಯ ಲಾರಿಯ ಬಾಗಿಲು ಹಿಡಿದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಮೊದಲ ಸಲ, ಆಮೇಲೆ ಬೈಯಲು ಬಾಯಿ ಬರಲಿಲ್ಲ.

ಟಿಕೆಟ್ ವಾಪಸು ಮಾಡಿದೆ. ಭಾನುವಾರ ಅವರ ಫೋನು ಬಂತು. ನೀನು ಪಕ್ಕದಲ್ಲಿದ್ದೆಯೋ ಇಲ್ಲವೋ ತಿಳಿಯದು, ಏನಾಯಿತೆಂದು ಬರೆಯುತ್ತೇನೆ.

"ಯಾಕೆ ಮಗಾ ಬರಲಿಲ್ಲ? ಕಾಯ್ತಿದ್ದೆ" ಎಂದರು.

"ಕೆಲಸ ಜಾಸ್ತಿ ಅತ್ತೆ. ಅಂಗಡಿ ಸಾಲ್ತಿಲ್ಲ. ನಿಮ್ಮ ಕೋಣೇಲಿ ಎರಡು ಹೊಸ ಮಷೀನು ಹಾಕಿಸಿದ್ದೀನಿ" ಎಂದೆ.

"ನನ್ನ ಹಾಸಿಗೆ?"

"ಕಲಿಯೋ ಹುಡುಗಿಗೆ ಕೊಟ್ಟೆ. ನೀವು ಅಲ್ಲೇ ಇರಿ. ಇಲ್ಲಿ ಈಗ ಜಾಗ ಇಲ್ಲ. ನಿಮ್ಮ ಮೀನು ನೋಡ್ಕೊಳ್ಳೋಕೂ ನಂಗೆ ಪುರುಸೊತ್ತಿಲ್ಲ, ಇವರ ಜೊತೆ ಕಳಿಸ್ತಿದ್ದೀನಿ."

ಆಮೇಲೆ "ಸರಿ ಬಿಡಮ್ಮ. ನಿಂಗೂ ಜಾಗ ಬೇಕಲ್ಲ" ಎಂದರು. ಬಿಡಮ್ಮ ಎಂದರು. ಮಗಾ ಎನ್ನಲಿಲ್ಲ.

ಫೋನಿಟ್ಟ ಮೇಲೆ ಹುಡುಗಿಯರನ್ನು ಕರೆದು ಆ ಕೋಣೆಗೆ ನಿಜವಾಗಿಯೂ ಎರಡು ಮಷೀನು ಹಾಕಿಸಿದೆ. ಹಾಸಿಗೆಯನ್ನೂ ಕೊಟ್ಟುಬಿಟ್ಟೆ. ಆ ಕೋಣೆ ಖಾಲಿ ಇದ್ದರೆ ಮುಂದಿನ ಭಾನುವಾರ ನನ್ನ ಬಾಯಿ ತಪ್ಪಿ "ಬನ್ನಿ" ಎಂದುಬಿಡುತ್ತದೆ, ನನಗೆ ನನ್ನ ಮೇಲೆ ನಂಬಿಕೆಯಿಲ್ಲ.

ಪೋಸ್ಟ್‌ಮಾಸ್ಟರ್ ದೊಡ್ಡ ಬಕೆಟಿನಲ್ಲಿ ಬರುತ್ತಿದ್ದಾನೆ. ಬಂದ ತಕ್ಷಣ ಟ್ಯಾಂಕಿಗೆ ಸುರಿಯಬೇಡ. ನಿನ್ನ ಟ್ಯಾಂಕಿನ ನೀರನ್ನು ಒಂದೊಂದು ಲೋಟವಾಗಿ ಬಕೆಟಿಗೆ ಹಾಕು, ಅವನಿಗೆ ಅಭ್ಯಾಸವಾಗಲಿ. ಒಂದು ಗಂಟೆ ಬಿಟ್ಟು ಮೀನನ್ನಷ್ಟೇ ಎತ್ತಿ ಬಿಡು. ಡಬ್ಬಿಯಲ್ಲಿ ಎರಡು ಸ್ಪಂಜೂ ಇವೆ, ಕುಕ್ಕರು ಮುಟ್ಟಬೇಡ. ಮೊದಲ ವಾರ ದಿನಾ ಸೀಸೆಯ ಬಣ್ಣ ನೋಡು. ಹಸಿರಿನ ಸುಳಿವು ಕಂಡರೂ ಕಾಲು ಭಾಗ ನೀರು ಬದಲಿಸು. ಅವನು ಬೇಡುತ್ತಲೇ ಇರುತ್ತಾನೆ, ಕೇಳಿದಷ್ಟು ಹಾಕಬೇಡ. ಅತ್ತೆಗೂ ಅಷ್ಟೇ. ನೀರು ಕೇಳುತ್ತಾರೆ, ಕರಗಬೇಡ. ಯಂತ್ರದ ದಿನ ಬರಲ್ಲ ಎಂದರೆ "ಪೋಸ್ಟ್‌ಮಾಸ್ಟರನಿಗೆ ಊಟ ಹಾಕೋರು ಯಾರು" ಎಂದು ಕೇಳು.

ಕೆಲವು ತಿಂಗಳು ಹೋಗಲಿ, ಅವರು ಅಲ್ಲಿ ಬೇರೂರಲಿ. ಆಮೇಲೆ ಬರುತ್ತೇನೆ. ಅಲ್ಲಿಯವರೆಗೆ ನನಗೆ ಎಲ್ಲ ಬರೆ. ಯಾವತ್ತು ಎಷ್ಟು ನಕ್ಕರು, ನಿನ್ನನ್ನು ಏನೆಂದು ಕರೆದರು, ಎಲ್ಲ. ಓದುವಾಗ ನನ್ನ ಹೊಟ್ಟೆ ಉರಿಯುತ್ತದೆ, ಈಗ ಬರೆಯುವಾಗಲೂ ಉರಿಯುತ್ತಿದೆ. ಅದಕ್ಕೆ ಹೆದರಿ ಏನನ್ನೂ ಬಿಡಬೇಡ.

ಇಷ್ಟು ವರ್ಷ ಸಾಕಿದ್ದಕ್ಕೆ ಈ ಸೊಸೆ ಹೀಗೆ ಮಾಡಿದಳಲ್ಲ ಎಂದು ಅವರು ನನ್ನನ್ನು ಬೈಯುತ್ತಾರೆ. ಬೈದಷ್ಟು ದಿನ ಇಲ್ಲಿಗೆ ಬರುವ ಯೋಚನೆ ಮಾಡುವುದಿಲ್ಲ. ಆಗ ನೀನು ನನ್ನ ಪರ ವಹಿಸಬೇಡ. ನಿನಗೇನು, ಎರಡು ಮಾತು ಸೇರಿಸಿ ಬೈಯಲು ಬರುತ್ತದೆ. ಬೈಯಿ.

ಅಕ್ಕ